ಕೆನಡಾದವರ ಸಿಟ್ಟು: ಟ್ರೂಡೊ ಹೋದರು, ಪಕ್ಷ ಉಳಿಯಿತು

ನಮ್ಮ ಟಿವಿ ಚಾನೆಲ್‌ಗಳನ್ನಷ್ಟೇ ನೋಡಿದವರಿಗೆ, ಜಸ್ಟಿನ್ ಟ್ರೂಡೊ ಕುರ್ಚಿ ಕಳೆದುಕೊಂಡಿದ್ದು ಭಾರತವನ್ನು ಎದುರು ಹಾಕಿಕೊಂಡಿದ್ದಕ್ಕೇ ಅಂತ ಅನ್ನಿಸಿರುತ್ತದೆ. 2023ರ ಸೆಪ್ಟೆಂಬರ್ 18ರಂದು ಅವರು ಸಂಸತ್ತಿನಲ್ಲಿ ನಿಂತು, ಖಾಲಿಸ್ತಾನ್ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಹತ್ಯೆಗೂ ಭಾರತ ಸರ್ಕಾರದ ಏಜೆಂಟರಿಗೂ ನಂಟಿರಬಹುದು ಎಂಬ ನಂಬಬಹುದಾದ ಆರೋಪಗಳಿವೆ ಎಂದರು. ಭಾರತ ಅದನ್ನು ತಳ್ಳಿಹಾಕಿತು. ಮರುವರ್ಷ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ಆರಾರು ರಾಜತಾಂತ್ರಿಕರನ್ನು ಹೊರಗೆ ಕಳಿಸಿದವು. 2025ರ ಜನವರಿ 6ಕ್ಕೆ ಟ್ರೂಡೊ ರಾಜೀನಾಮೆ ಘೋಷಿಸಿದರು. ನಮ್ಮಲ್ಲಿ ಅನೇಕರು ಈ ಎರಡನ್ನೂ ಜೋಡಿಸಿ ಕತೆ ಮುಗಿಸಿಬಿಟ್ಟರು.

ಆದರೆ ಒಂಟಾರಿಯೊದಲ್ಲೋ ಆಲ್ಬರ್ಟಾದಲ್ಲೋ ಮತ ಹಾಕುವವರ ತಲೆಯಲ್ಲಿ ಭಾರತ ಇದ್ದದ್ದು ಬಹಳ ಕಡಿಮೆ. ಅವರ ತಲೆಯಲ್ಲಿ ಇದ್ದದ್ದು ಮನೆ ಬಾಡಿಗೆ, ಸಾಲದ ಕಂತು, ಪೆಟ್ರೋಲ್ ಬಂಕಿನ ಬಿಲ್ಲು, ಎಷ್ಟು ಹುಡುಕಿದರೂ ಸಿಗದ ಫ್ಯಾಮಿಲಿ ಡಾಕ್ಟರ್. ಒಂಬತ್ತು ವರ್ಷ ಆಳಿದ ಸರ್ಕಾರದ ಮೇಲೆ ಜನ ಅಷ್ಟೊಂದು ರೋಸಿಹೋಗಿದ್ದರು. ಹಾಗಿದ್ದೂ ನಾಲ್ಕೇ ತಿಂಗಳಲ್ಲಿ ಅದೇ ಲಿಬರಲ್ ಪಕ್ಷವನ್ನು ಮತ್ತೆ ಗೆಲ್ಲಿಸಿದರು. ಇದು ಹೇಗೆ ಸಾಧ್ಯವಾಯಿತು ಅಂತ ತಿಳಿಯಬೇಕಾದರೆ ಮೊದಲು ಆ ಸಿಟ್ಟನ್ನು ಬಿಡಿಸಿ ನೋಡಬೇಕು. ನನ್ನ ಲೆಕ್ಕದಲ್ಲಿ ಅದರಲ್ಲಿ ಎರಡು ಸಿಟ್ಟು ಬೆರೆತಿದ್ದವು. ಒಂದು ಖರ್ಚಿನ ಮೇಲಿನ ಸಿಟ್ಟು, ಇನ್ನೊಂದು ಮುಖದ ಮೇಲಿನ ಸಿಟ್ಟು.

ಹತ್ತು ವರ್ಷದ ರೂಢಿ

ಕೆನಡಾದಲ್ಲಿ ಪ್ರಧಾನಿಗೆ ಇಷ್ಟೇ ಅವಧಿ ಎಂಬ ಮಿತಿ ಇಲ್ಲ. ಗೆಲ್ಲುವಷ್ಟು ದಿನ ಇರಬಹುದು. ಆದರೂ ಸುಮಾರು ಒಂಬತ್ತು ಹತ್ತು ವರ್ಷಕ್ಕೆ ಜನರಿಗೆ ಸಾಕಾಗಿಬಿಡುತ್ತದೆ. ಬ್ರಯನ್ ಮಲ್ರೋನಿ 1984ರಲ್ಲಿ 211 ಸೀಟು ಗೆದ್ದು ಬಂದವರು, 1993ರಲ್ಲಿ ಬಿಟ್ಟುಹೋದರು. ಜೀನ್ ಕ್ರೆಟಿಯನ್ 1993ರಿಂದ 2003. ಸ್ಟೀಫನ್ ಹಾರ್ಪರ್ 2006ರಿಂದ 2015. ಸತತವಾಗಿ ನಾಲ್ಕು ಚುನಾವಣೆ ಗೆದ್ದ ಕೊನೆಯ ಪ್ರಧಾನಿ ವಿಲ್ಫ್ರಿಡ್ ಲಾರಿಯೆ, ಅದೂ 1908ರಲ್ಲಿ. ಅಂದರೆ ಟ್ರೂಡೊ ನಾಲ್ಕನೇ ಸಲಕ್ಕೆ ಹೊರಟಾಗ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವೇ ಅವರ ಎದುರಿಗಿತ್ತು.

2015ರ ಅಕ್ಟೋಬರ್‌ನಲ್ಲಿ ಅವರು ಬಂದಾಗಿನ ಉತ್ಸಾಹವೇ ಬೇರೆ. ಹಿಂದಿನ ಚುನಾವಣೆಯಲ್ಲಿ 34 ಸೀಟಿಗೆ ಕುಸಿದು ಮೂರನೇ ಸ್ಥಾನಕ್ಕೆ ಹೋಗಿದ್ದ ಪಕ್ಷ ಒಂದೇ ಏಟಿಗೆ 184 ಸೀಟು ಗೆದ್ದಿತು. ಸಂಪುಟದಲ್ಲಿ ಅರ್ಧ ಹೆಂಗಸರು. ಯಾಕೆ ಎಂದು ಕೇಳಿದ್ದಕ್ಕೆ 'ಯಾಕಂದ್ರೆ ಇದು 2015' ಎಂಬ ಉತ್ತರ ಲೋಕದ ತುಂಬ ಓಡಾಡಿತು. ಕೆಲಸವೂ ಆಯಿತು ಅನ್ನಬೇಕು. 2016ರಲ್ಲಿ ಶುರುವಾದ ಮಕ್ಕಳ ಭತ್ಯೆ ಬಡ ಕುಟುಂಬಗಳ ಕೈಗೆ ನೇರವಾಗಿ ದುಡ್ಡು ಹಾಕಿತು, ಮಕ್ಕಳ ಬಡತನ ಇಳಿಯಿತು. 2018ರಲ್ಲಿ ಗಾಂಜಾ ಕಾನೂನುಬದ್ಧವಾಯಿತು. ಕೋವಿಡ್ ಕಾಲದಲ್ಲಿ ಕೆಲಸ ಹೋದವರಿಗೆ ತಿಂಗಳಿಗೆ 2,000 ಡಾಲರ್ ಬಂತು. (ಆ ಹೊತ್ತಿನ ಲೆಕ್ಕಕ್ಕೆ ಒಂದು ಕೆನಡಾ ಡಾಲರ್ ಅಂದರೆ 60 ರೂಪಾಯಿಯ ಆಸುಪಾಸು ಅಂತಿಟ್ಟುಕೊಳ್ಳಿ. ಮುಂದೆಲ್ಲ ನಾನು ಡಾಲರ್ ಅಂದರೆ ಕೆನಡಾ ಡಾಲರೇ.)

ಮೂರರಲ್ಲಿ ಒಂದು ಪಾಲು ಮತ, ಪೂರ್ತಿ ಅಧಿಕಾರ

ಸಿಟ್ಟಿನ ಒಂದು ಬೇರು ಚುನಾವಣೆಯ ಲೆಕ್ಕದಲ್ಲೇ ಇದೆ. ಕೆನಡಾದ ಪದ್ಧತಿ ನಮ್ಮದರ ಹಾಗೆಯೇ, ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರು ಗೆದ್ದರು. 2015ರ ಪ್ರಚಾರದಲ್ಲಿ ಟ್ರೂಡೊ, ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಎಂದು ಮಾತು ಕೊಟ್ಟಿದ್ದರು. 2017ರ ಫೆಬ್ರವರಿಯಲ್ಲಿ ಆ ಮಾತನ್ನು ಕೈಬಿಟ್ಟರು.

ಆಮೇಲೆ ಏನಾಯಿತು ನೋಡಿ. 2019ರಲ್ಲಿ ಲಿಬರಲ್ ಪಕ್ಷಕ್ಕೆ 33.1% ಮತ, ಕನ್ಸರ್ವೇಟಿವ್ ಪಕ್ಷಕ್ಕೆ 34.3%. ಸೀಟು ಮಾತ್ರ ಲಿಬರಲ್‌ಗೆ 157, ಕನ್ಸರ್ವೇಟಿವ್‌ಗೆ 121. 2021ರಲ್ಲೂ ಅದೇ ಕತೆ: 32.6%ಕ್ಕೆ 160 ಸೀಟು, 33.7%ಕ್ಕೆ 119. ಕನ್ಸರ್ವೇಟಿವ್ ಮತಗಳು ಆಲ್ಬರ್ಟಾ, ಸಸ್ಕಾಚೆವಾನ್‌ಗಳಲ್ಲಿ ರಾಶಿ ಬಿದ್ದವು. ಅಲ್ಲಿ ಒಂದು ಸೀಟನ್ನು ಭಾರೀ ಅಂತರದಲ್ಲಿ ಗೆದ್ದರೂ ಅದು ಒಂದೇ ಸೀಟು. ಲಿಬರಲ್ ಮತಗಳು ಟೊರೊಂಟೊ, ಮಾಂಟ್ರಿಯಲ್ ಸುತ್ತಮುತ್ತ ಬೇಕಾದ ಕಡೆ ಬೇಕಾದಷ್ಟು ಹಂಚಿಕೊಂಡಿದ್ದವು. 2021ರ ಚುನಾವಣೆಯಂತೂ ಟ್ರೂಡೊ ಎರಡು ವರ್ಷ ಮುಂಚೆ, ಕೋವಿಡ್ ನಡುವೆ, ಬಹುಮತದ ಆಸೆಗೆ ಕರೆದದ್ದು. 60 ಕೋಟಿ ಡಾಲರ್ ಆಸುಪಾಸಿನ ಖರ್ಚಾಗಿ ಸಂಸತ್ತು ಹೆಚ್ಚುಕಮ್ಮಿ ಹಾಗೆಯೇ ಬಂತು.

ಹೀಗಾಗಿ ಮೂರರಲ್ಲಿ ಎರಡು ಪಾಲು ಮತದಾರರು ಬೇಡ ಅಂದ ಸರ್ಕಾರ ಆಳುತ್ತಿತ್ತು. ಪಶ್ಚಿಮದ ಪ್ರಾಂತ್ಯಗಳಲ್ಲಿ ಆ ಭಾವನೆ ಇನ್ನೂ ಖಾರ. 2019ರಲ್ಲಿ ಆಲ್ಬರ್ಟಾ, ಸಸ್ಕಾಚೆವಾನ್ ಎರಡರಲ್ಲೂ ಸೇರಿ ಲಿಬರಲ್‌ಗೆ ಒಂದೂ ಸೀಟಿರಲಿಲ್ಲ. ಎಣ್ಣೆ ಅಲ್ಲಿನವರ ಅನ್ನ. 1980ರಲ್ಲಿ ಟ್ರೂಡೊ ಅಪ್ಪ ಪಿಯರ್ ಟ್ರೂಡೊ ತಂದ ಇಂಧನ ನೀತಿ ತಮ್ಮ ಎಣ್ಣೆ ಹಣವನ್ನು ದೋಚಿತು ಎಂದು ಅವರು ಇವತ್ತಿಗೂ ಮರೆತಿಲ್ಲ. ಮಗ ಬಂದು ಹೊಸ ಯೋಜನೆಗಳಿಗೆ ಬಿಗಿ ಪರಿಸರ ನಿಯಮ ತಂದರು. ಅದೇ ಹೊತ್ತಿಗೆ 2018ರಲ್ಲಿ 450 ಕೋಟಿ ಡಾಲರ್ ಕೊಟ್ಟು ಟ್ರಾನ್ಸ್ ಮೌಂಟನ್ ಎಣ್ಣೆ ಪೈಪ್‌ಲೈನನ್ನು ಸರ್ಕಾರಕ್ಕೇ ಕೊಂಡರು. ವಿಸ್ತರಣೆ ಮುಗಿಯುವಷ್ಟರಲ್ಲಿ ಅದರ ವೆಚ್ಚ 3,400 ಕೋಟಿ ಮುಟ್ಟಿತು. ಎಣ್ಣೆಯವರು ಧನ್ಯವಾದ ಹೇಳಲಿಲ್ಲ, ಪರಿಸರದವರು ಕ್ಷಮಿಸಲಿಲ್ಲ.

ಮನೆ

ಎಲ್ಲಕ್ಕಿಂತ ದೊಡ್ಡ ವಿಷಯ ಮನೆ. 2015ರ ಕೊನೆಗೆ ಕೆನಡಾದಲ್ಲಿ ಸರಾಸರಿ ಮನೆಯ ಬೆಲೆ ನಾಲ್ಕೂವರೆ ಲಕ್ಷ ಡಾಲರ್ ಹತ್ತಿರ ಇತ್ತು. 2022ರ ಫೆಬ್ರವರಿಗೆ 8 ಲಕ್ಷ ದಾಟಿತು. ಸಂಬಳ ಆ ವೇಗದಲ್ಲಿ ಏರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಅಪ್ಪ ಅಮ್ಮ ಒಂದೇ ಸಂಬಳದಲ್ಲಿ ಮನೆ ಕೊಂಡಿದ್ದ ಊರಿನಲ್ಲಿ ಮಕ್ಕಳಿಬ್ಬರೂ ದುಡಿದರೂ ಫ್ಲ್ಯಾಟಿನ ಮುಂಗಡ ಹೊಂದುತ್ತಿರಲಿಲ್ಲ.

ಕೋವಿಡ್ ಕಾಲದಲ್ಲಿ ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ 0.25%ಕ್ಕೆ ಇಳಿದಿತ್ತು. ಸಾಲ ಅಗ್ಗ ಅಂತ ಜನ ಮುಗಿಬಿದ್ದರು, ಬೆಲೆ ಏರಿತು. 2022ರ ಜೂನ್‌ನಲ್ಲಿ ಹಣದುಬ್ಬರ 8.1% ಆಯಿತು. ಅದನ್ನು ಹಿಡಿಯಲು ಬ್ಯಾಂಕು ಬಡ್ಡಿ ಏರಿಸುತ್ತ ಹೋಗಿ 2023ರ ಜುಲೈಗೆ 5% ಮಾಡಿತು.

ಇಲ್ಲಿ ಕೆನಡಾದ ಗೃಹಸಾಲದ ಒಂದು ವಿಶೇಷ ತಿಳಿದಿರಬೇಕು. ಅಮೆರಿಕದಲ್ಲಿ 30 ವರ್ಷಕ್ಕೂ ಒಂದೇ ಬಡ್ಡಿ ಸಿಗುತ್ತದೆ. ಕೆನಡಾದಲ್ಲಿ ಸಾಲ 25 ವರ್ಷದ್ದಾದರೂ ಬಡ್ಡಿ ಸಾಮಾನ್ಯವಾಗಿ ಐದು ವರ್ಷಕ್ಕಷ್ಟೇ ನಿಗದಿ. ಆಮೇಲೆ ಅಂದಿನ ದರಕ್ಕೆ ನವೀಕರಣ. ಯಾರೋ 5 ಲಕ್ಷ ಡಾಲರ್ ಸಾಲವನ್ನು 2% ಬಡ್ಡಿಗೆ ತೆಗೆದುಕೊಂಡಿದ್ದರು ಅಂತಿಟ್ಟುಕೊಳ್ಳಿ. ತಿಂಗಳ ಕಂತು 2,100 ಡಾಲರ್ ಆಸುಪಾಸು. ಐದು ವರ್ಷ ಕಟ್ಟಿದ ಮೇಲೆ ಉಳಿದ ಸಾಲ ಸುಮಾರು 4.2 ಲಕ್ಷ. ಅದನ್ನು 5.5%ಕ್ಕೆ ನವೀಕರಿಸಿದರೆ ಕಂತು 2,900ರ ಹತ್ತಿರ ಹೋಗುತ್ತದೆ. ಸಾಲ ಕಮ್ಮಿಯಾಗಿದೆ, ಕಂತು ಜಾಸ್ತಿಯಾಗಿದೆ! ಇಂಥ ಪತ್ರ ಮನೆಗೆ ಬಂದ ದಿನ ಯಾರಿಗೆ ತಾನೇ ಸರ್ಕಾರದ ಮೇಲೆ ಪ್ರೀತಿ ಉಕ್ಕುತ್ತದೆ.

ಬಾಡಿಗೆಯವರ ಪಾಡೂ ಅಷ್ಟೇ. 2024ರಲ್ಲಿ ಹೊಸ ಬಾಡಿಗೆ ಮನೆಗೆ ಸರಾಸರಿ 2,200 ಡಾಲರ್ ಕೇಳುತ್ತಿದ್ದರು. ಟೊರೊಂಟೊ, ವ್ಯಾಂಕೂವರ್‌ನಲ್ಲಿ ಅದಕ್ಕಿಂತ ಮೇಲೆ. 2030ರೊಳಗೆ ಮಾಮೂಲಿಗಿಂತ 35 ಲಕ್ಷ ಮನೆ ಹೆಚ್ಚುವರಿಯಾಗಿ ಕಟ್ಟಿದರೆ ಮಾತ್ರ ಬೆಲೆ ಜನರ ಕೈಗೆಟುಕೀತು ಎಂದು ಸರ್ಕಾರದ್ದೇ ಗೃಹಸಾಲ ಸಂಸ್ಥೆ ಹೇಳಿತು.

ಇದೆಲ್ಲ ಟ್ರೂಡೊ ತಪ್ಪೇ? ಪೂರ್ತಿ ಅಲ್ಲ. ಎಲ್ಲಿ ಎಷ್ಟು ಮಹಡಿ ಕಟ್ಟಬಹುದು ಎಂದು ತೀರ್ಮಾನಿಸುವುದು ನಗರಸಭೆ. ನಗರಸಭೆಯನ್ನು ನಡೆಸುವ ಕಾನೂನು ಪ್ರಾಂತ್ಯದ್ದು. ಬಡ್ಡಿ ನಿರ್ಧರಿಸುವುದು ಸ್ವತಂತ್ರ ಕೇಂದ್ರ ಬ್ಯಾಂಕು. ಆಸ್ಪತ್ರೆ, ಡಾಕ್ಟರುಗಳ ವಿಷಯವೂ ಪ್ರಾಂತ್ಯಗಳದ್ದೇ. ದಶಲಕ್ಷಗಟ್ಟಲೆ ಕೆನಡಿಯನ್ನರಿಗೆ ಖಾಯಂ ಡಾಕ್ಟರ್ ಇಲ್ಲ, ಆದರೆ ರಾಜಧಾನಿ ಒಟ್ಟಾವಾದಲ್ಲಿ ಕೂತ ಪ್ರಧಾನಿ ಡಾಕ್ಟರುಗಳನ್ನು ನೇಮಿಸುವುದಿಲ್ಲ. ಸಮಸ್ಯೆ ಏನೆಂದರೆ ದೇಶದ ತುಂಬ ಗೊತ್ತಿರುವ ಮುಖ ಒಂದೇ. ಪ್ರಾಂತ್ಯದ ಮುಖ್ಯಸ್ಥರಿಗೆ ಆ ಮುಖದ ಕಡೆ ಬೆರಳು ತೋರಿಸುವುದು ಸುಲಭ. ಟ್ರೂಡೊ ಒಮ್ಮೆ, ವಸತಿ ಮೂಲತಃ ಕೇಂದ್ರದ ಹೊಣೆಯಲ್ಲ ಎಂಬರ್ಥದ ಮಾತಾಡಿದರು. ಕಾನೂನಿನ ಪ್ರಕಾರ ಸರಿಯೇ. ರಾಜಕೀಯದಲ್ಲಿ ಅಂಥ ಮಾತಿನಷ್ಟು ದುಬಾರಿ ಮಾತು ಇನ್ನೊಂದಿಲ್ಲ.

ವಿದ್ಯಾರ್ಥಿ ವೀಸಾ

ಒಂದು ವಿಷಯ ಮಾತ್ರ ನೇರವಾಗಿ ಕೇಂದ್ರದ ಕೈಯಲ್ಲಿತ್ತು. ಎಷ್ಟು ಜನ ಹೊರಗಿನಿಂದ ಬರಬೇಕು ಎಂಬುದು. 2023ರ ಒಂದೇ ವರ್ಷದಲ್ಲಿ ಕೆನಡಾದ ಜನಸಂಖ್ಯೆ 12 ಲಕ್ಷಕ್ಕೂ ಜಾಸ್ತಿ ಬೆಳೆಯಿತು. ಶೇಕಡಾವಾರು 3.2%. 1957ರ ನಂತರ ಅಂಥ ಏರಿಕೆ ಆಗಿರಲಿಲ್ಲ. ಹೆಚ್ಚುಕಮ್ಮಿ ಎಲ್ಲರೂ ವಲಸೆ ಬಂದವರು. ಅವರಲ್ಲಿ ದೊಡ್ಡ ಪಾಲು ಖಾಯಂ ನೆಲೆಗೆ ಬಂದವರಲ್ಲ, ವಿದ್ಯಾರ್ಥಿಗಳು ಮತ್ತು ತಾತ್ಕಾಲಿಕ ಕೆಲಸಗಾರರು. 2023ರ ಕೊನೆಗೆ ವಿದ್ಯಾರ್ಥಿ ಪರವಾನಗಿ ಇದ್ದವರೇ 10 ಲಕ್ಷ ದಾಟಿದ್ದರು. ಸುಮಾರು 40% ಭಾರತೀಯರು.

ಇದರ ಹಿಂದಿನ ವ್ಯವಹಾರ ಹೀಗಿತ್ತು. ಒಂಟಾರಿಯೊ ಸರ್ಕಾರ 2019ರಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು 10% ಇಳಿಸಿ, ಅಲ್ಲಿಗೇ ನಿಲ್ಲಿಸಿತು. ಕಾಲೇಜುಗಳಿಗೆ ದುಡ್ಡು ಬೇಕಲ್ಲ? ಹೊರದೇಶದವರು ಸ್ಥಳೀಯರ ಹಲವು ಪಟ್ಟು ಶುಲ್ಕ ಕಟ್ಟುತ್ತಾರೆ, ಆಗ ಅವರ ಸಂಖ್ಯೆಗೆ ಮಿತಿಯೂ ಇರಲಿಲ್ಲ. ಕಾಲೇಜುಗಳು ಏಜೆಂಟರ ಮೂಲಕ ವಿದ್ಯಾರ್ಥಿಗಳನ್ನು ತುಂಬಿಕೊಂಡವು. ಕೆಲವು ಸರ್ಕಾರಿ ಕಾಲೇಜುಗಳು ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿದ್ದ ಖಾಸಗಿ ಕಾಲೇಜುಗಳಿಗೆ ತಮ್ಮ ಹೆಸರು ಕೊಟ್ಟವು. ಒಟ್ಟಾವಾ ವೀಸಾ ಕೊಡುತ್ತ ಹೋಯಿತು. ಇವರೆಲ್ಲ ಎಲ್ಲಿ ಮಲಗುತ್ತಾರೆ ಎಂದು ಯಾರೂ ಕೇಳಿದ ಹಾಗಿಲ್ಲ. ಬೇಸ್‌ಮೆಂಟಿನ ಒಂದೇ ಕೋಣೆಯಲ್ಲಿ ಹಲವು ಹುಡುಗರು ಇದ್ದ ಸುದ್ದಿಗಳು ಬಂದವು.

ಕೆನಡಾದವರು ವಲಸೆ ವಿಷಯದಲ್ಲಿ ಉದಾರಿಗಳು ಎಂಬ ಹೆಸರಿತ್ತು. 2024ರಲ್ಲಿ ಎನ್ವಿರಾನಿಕ್ಸ್ ಎಂಬ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ 58% ಜನ ವಲಸೆ ತೀರಾ ಜಾಸ್ತಿಯಾಯಿತು ಅಂದರು. ಕೆಲವೇ ವರ್ಷದಲ್ಲಿ ಅಭಿಪ್ರಾಯ ತಲೆಕೆಳಗಾಗಿತ್ತು. ಸರ್ಕಾರವೂ ತಡವಾಗಿ ತಿರುಗಿತು. 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿದರು. ವಿದ್ಯಾರ್ಥಿ ತನ್ನ ಖಾತೆಯಲ್ಲಿ ತೋರಿಸಬೇಕಾದ ಹಣ 10,000ದಿಂದ 20,635 ಡಾಲರ್‌ಗೆ ಏರಿತು. ನಮ್ಮ ಹುಡುಗರು ಬಳಸುತ್ತಿದ್ದ ಬೇಗ ವೀಸಾ ಸಿಗುವ ಎಸ್‌ಡಿಎಸ್ ದಾರಿ ಅದೇ ವರ್ಷದ ನವೆಂಬರ್ 8ಕ್ಕೆ ಮುಚ್ಚಿತು. ಖಾಯಂ ವಲಸೆಯ ಗುರಿಯನ್ನೂ 2025ಕ್ಕೆ 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿದರು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಸಾಲ ಮಾಡಿ ಮಕ್ಕಳನ್ನು ಕಳಿಸಲು ಹೊರಟಿದ್ದ ಮನೆಗಳಿಗೆ ಕೆನಡಾದ ರಾಜಕೀಯ ಮುಟ್ಟಿದ್ದು ಇಲ್ಲಿ. ನಿಜ್ಜರ್ ಪ್ರಕರಣಕ್ಕೂ ಈ ಬಿಗಿತಕ್ಕೂ ಗಂಟು ಹಾಕುವವರಿದ್ದಾರೆ. ಮಿತಿ ಭಾರತಕ್ಕೆ ಮಾತ್ರ ಹಾಕಿದ್ದಲ್ಲ, ಎಲ್ಲ ದೇಶಗಳಿಗೂ ಹಾಕಿದ್ದು.

ವಾಪಸು ಬಂದರೂ ಬೇಡವಾದ ತೆರಿಗೆ

ಈಗ ಕಾರ್ಬನ್ ತೆರಿಗೆ. ಇದು ನನಗೆ ಈ ಕತೆಯಲ್ಲೇ ಅತ್ಯಂತ ಕುತೂಹಲದ ಭಾಗ. ಯಾಕಂದರೆ ಕಾಗದದ ಮೇಲೆ ಇದು ಜಾಣ ಯೋಜನೆ.

ಇಂಗಾಲ ಹೊರಬಿಡುವ ಇಂಧನಕ್ಕೆ ಟನ್ನಿಗೆ ಇಷ್ಟು ಎಂದು ತೆರಿಗೆ. 2019ರಲ್ಲಿ 20 ಡಾಲರ್‌ನಿಂದ ಶುರು, ವರ್ಷ ವರ್ಷ ಏರಿ 2030ಕ್ಕೆ 170 ಆಗಬೇಕೆಂಬುದು ಲೆಕ್ಕಾಚಾರವಾಗಿತ್ತು. 2024ರ ಏಪ್ರಿಲ್‌ನಲ್ಲಿ 80 ಡಾಲರ್ ಆಗಿತ್ತು, ಅಂದರೆ ಲೀಟರ್ ಪೆಟ್ರೋಲ್ ಮೇಲೆ 17.6 ಸೆಂಟ್. ಹೀಗೆ ಬಂದ ಹಣದ ಬಹುಪಾಲನ್ನು ಮೂರು ತಿಂಗಳಿಗೊಮ್ಮೆ ಜನರ ಖಾತೆಗೇ ವಾಪಸು ಹಾಕುತ್ತಿದ್ದರು. 2024ರಲ್ಲಿ ಒಂಟಾರಿಯೊದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 1,120 ಡಾಲರ್, ಆಲ್ಬರ್ಟಾದಲ್ಲಿ 1,800. ಕಾರು ಜಾಸ್ತಿ ಓಡಿಸಿದರೂ ಕಮ್ಮಿ ಓಡಿಸಿದರೂ ವಾಪಸು ಬರುವುದು ಅಷ್ಟೇ. ಆದ್ದರಿಂದ ಇಂಧನ ಉಳಿಸಿದವರಿಗೆ ಲಾಭ. ಕಟ್ಟಿದ ತೆರಿಗೆಗೂ ವಾಪಸು ಬಂದ ಹಣಕ್ಕೂ ಲೆಕ್ಕ ಹಾಕಿದರೆ ಬಹುಪಾಲು ಕುಟುಂಬಗಳಿಗೆ ಬಂದದ್ದೇ ಜಾಸ್ತಿ ಎಂದು ಸಂಸತ್ತಿನ ಬಜೆಟ್ ಅಧಿಕಾರಿಯೇ ಹೇಳಿದ್ದರು.

ಹಾಗಾದರೆ ಸಿಟ್ಟೇಕೆ? ತೆರಿಗೆ ಕಾಣುತ್ತಿತ್ತು, ವಾಪಸು ಕಾಣುತ್ತಿರಲಿಲ್ಲ. ಬಂಕಿಗೆ ಹೋದಾಗಲೆಲ್ಲ ಬೆಲೆ ಕಣ್ಣಿಗೆ ರಾಚುತ್ತದೆ. ಖಾತೆಗೆ ಬೀಳುವ ದುಡ್ಡೋ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಯಾವುದೋ ಅರ್ಥವಾಗದ ಅಕ್ಷರಗಳ ಪಕ್ಕದಲ್ಲಿರುತ್ತಿತ್ತು. ಮನೆಯ ಹಿಟ್ಟಿನ ಡಬ್ಬಿಯಿಂದ ದಿನಾ ಒಂದು ಸೇರು ತೆಗೆದು, ಮೂರು ತಿಂಗಳಾದ ಮೇಲೆ ಹಿತ್ತಲ ಬಾಗಿಲಲ್ಲಿ ಮೂಟೆ ಇಟ್ಟು ಹೋದ ಹಾಗೆ. ಕೊಟ್ಟವರ ಹೆಸರನ್ನು ಯಾರು ನೆನೆಯುತ್ತಾರೆ?

ಆಮೇಲೆ ಸರ್ಕಾರ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿತು. 2023ರ ಅಕ್ಟೋಬರ್ ಕೊನೆಯಲ್ಲಿ ಟ್ರೂಡೊ, ಮನೆ ಬಿಸಿಮಾಡುವ ಎಣ್ಣೆಗೆ ಮಾತ್ರ ಮೂರು ವರ್ಷ ತೆರಿಗೆ ಇಲ್ಲ ಎಂದರು. ಆ ಎಣ್ಣೆಯನ್ನು ಹೆಚ್ಚಾಗಿ ಬಳಸುವುದು ಅಟ್ಲಾಂಟಿಕ್ ತೀರದ ಪ್ರಾಂತ್ಯಗಳಲ್ಲಿ. ಅಲ್ಲಿ ಲಿಬರಲ್ ಸಂಸದರು ಬಹಳ. ಪಶ್ಚಿಮದವರು ಮನೆ ಬಿಸಿಮಾಡುವುದು ನೈಸರ್ಗಿಕ ಅನಿಲದಲ್ಲಿ, ಅದಕ್ಕೆ ತೆರಿಗೆ ಹಾಗೆಯೇ. ಪಶ್ಚಿಮಕ್ಕೆ ಯಾಕಿಲ್ಲ ಅಂತ ಕೇಳಿದಾಗ ಒಬ್ಬ ಸಚಿವೆ, ಅಲ್ಲಿಯೂ ಹೆಚ್ಚು ಲಿಬರಲ್ಲರನ್ನು ಆರಿಸಬೇಕಿತ್ತು ಎಂಬಂತೆ ಉತ್ತರಿಸಿದರು. ಈ ತೆರಿಗೆ ಯಾರಿಗೂ ಹೊರೆಯಲ್ಲ ಎಂದು ನಾಲ್ಕು ವರ್ಷ ಹೇಳಿದವರೇ, ಕೆಲವರಿಗೆ ಹೊರೆ ಎಂದು ಒಪ್ಪಿಕೊಂಡ ಹಾಗಾಯಿತು. ಕನ್ಸರ್ವೇಟಿವ್ ನಾಯಕ ಪಿಯರ್ ಪೊಯಿಲಿಯೆವ್ರ್ ಅವರ 'ಆಕ್ಸ್ ದ ಟ್ಯಾಕ್ಸ್' (ತೆರಿಗೆಯನ್ನು ಕಡಿದುಹಾಕಿ) ಘೋಷಣೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕಿರಲಿಲ್ಲ.

ಹಗರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಅವರ ದ್ವೀಪದಲ್ಲಿ ರಜೆ ಕಳೆದದ್ದು, ಎಸ್‌ಎನ್‌ಸಿ ಲಾವಲಿನ್ ಕಂಪನಿಯ ಕೇಸಿನಲ್ಲಿ ಕಾನೂನು ಸಚಿವೆ ಜೋಡಿ ವಿಲ್ಸನ್-ರೇಬೋಲ್ಡ್ ಮೇಲೆ ಒತ್ತಡ ಹಾಕಿದ್ದು, ಎರಡರಲ್ಲೂ ಪ್ರಧಾನಿ ನಿಯಮ ಮುರಿದರು ಎಂದು ನೀತಿ ಆಯುಕ್ತರು ತೀರ್ಪು ಕೊಟ್ಟರು. ಟ್ರೂಡೊ ಮುಖಕ್ಕೆ ಕಪ್ಪು ಬಳಿದುಕೊಂಡ (ಅಲ್ಲಿ ಅದು ಜನಾಂಗೀಯ ಅವಮಾನ) ಹಳೆಯ ಫೋಟೋಗಳು 2019ರ ಚುನಾವಣೆಯ ಮಧ್ಯೆ ಹೊರಬಂದವು. ಕೋವಿಡ್ ಕಾಲದಲ್ಲಿ ದೇಶದೊಳಗೆ ಬರುವವರಿಗಾಗಿ ಮಾಡಿದ ಅರೈವ್‌ಕ್ಯಾನ್ ಎಂಬ ಆ್ಯಪ್ 80,000 ಡಾಲರ್‌ಗೆ ಶುರುವಾಗಿ ಸುಮಾರು 6 ಕೋಟಿ ಡಾಲರ್ ನುಂಗಿತ್ತು ಎಂದು 2024ರಲ್ಲಿ ಮಹಾಲೆಕ್ಕಪರಿಶೋಧಕರು ಹೇಳಿದರು. ಒಂದೊಂದೇ ಆಗಿದ್ದರೆ ಜನ ಮರೆಯುತ್ತಿದ್ದರು.

2022ರ ಟ್ರಕ್ ಚಾಲಕರ ಚಳವಳಿ ಮಾತ್ರ ಬೇರೆ ತೂಕದ್ದು. ಗಡಿ ದಾಟುವ ಚಾಲಕರಿಗೆ ಲಸಿಕೆ ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ಟ್ರಕ್ಕುಗಳು ಒಟ್ಟಾವಾದ ನಡುಬೀದಿಯಲ್ಲಿ ವಾರಗಟ್ಟಲೆ ನಿಂತವು. ಹಗಲೂ ರಾತ್ರಿ ಹಾರ್ನ್. ಅಲ್ಲಿನ ನಿವಾಸಿಗಳು ಹೈರಾಣಾದರು. ಫೆಬ್ರವರಿ 14ಕ್ಕೆ ಸರ್ಕಾರ ತುರ್ತುಪರಿಸ್ಥಿತಿ ಕಾಯ್ದೆ ಹೇರಿತು. ಕೆಲವು ಪ್ರತಿಭಟನಾಕಾರರ ಬ್ಯಾಂಕ್ ಖಾತೆಗಳೂ ಸ್ಥಗಿತವಾದವು. ಆ ಕಾಯ್ದೆಯನ್ನು ಬಳಸಿದ್ದು ಅದೇ ಮೊದಲು. ಬಳಸಿದ್ದು ಸರಿ ಎಂದು 2023ರಲ್ಲಿ ವಿಚಾರಣಾ ಆಯೋಗ ಹೇಳಿತು, ಸರಿಯಲ್ಲ ಎಂದು 2024ರಲ್ಲಿ ಫೆಡರಲ್ ಕೋರ್ಟು ಹೇಳಿತು. ಟ್ರೂಡೊ ಹೆಸರು ಹಿಡಿದು ಬೈಯುವ ಬಾವುಟಗಳು ಪಿಕಪ್ ವಾಹನಗಳ ಮೇಲೆ ಖಾಯಂ ಆಗಿ ಹಾರತೊಡಗಿದ್ದು ಆ ಚಳಿಗಾಲದಲ್ಲಿ. ಮುಖದ ಮೇಲಿನ ಸಿಟ್ಟು ಅಂದೆನಲ್ಲ, ಅದು ಇದು.

ಇಳಿಸುವುದು ಯಾಕೆ ಅಷ್ಟು ಕಷ್ಟವಾಯಿತು

ಇಷ್ಟು ಸಿಟ್ಟಿದ್ದೂ ಅವರು 2025ರವರೆಗೆ ಹೇಗೆ ಉಳಿದರು? ಒಂದು, ಎನ್‌ಡಿಪಿ ಎಂಬ ಎಡಪಕ್ಷದ ಊರುಗೋಲು. 2022ರ ಮಾರ್ಚ್‌ನಲ್ಲಿ ಅದರ ನಾಯಕ ಜಗ್ಮೀತ್ ಸಿಂಗ್, ಬಡವರಿಗೆ ಹಲ್ಲಿನ ಚಿಕಿತ್ಸೆಯಂಥ ಯೋಜನೆಗಳ ಬದಲಿಗೆ ಬೆಂಬಲ ಕೊಡುವ ಒಪ್ಪಂದ ಮಾಡಿಕೊಂಡರು. 2024ರ ಸೆಪ್ಟೆಂಬರ್‌ವರೆಗೆ ಅದು ನಡೆಯಿತು. ಇನ್ನೊಂದು ಕಡಿಮೆ ಜನ ಗಮನಿಸುವ ಸಂಗತಿ. ಕೆನಡಾದಲ್ಲಿ ಸಂಸದರು ತಮ್ಮ ನಾಯಕನನ್ನು ಮತ ಹಾಕಿ ಇಳಿಸಲು ಒಂದು ಕಾಯ್ದೆ ಇದೆ. ಆದರೆ ಪ್ರತಿ ಚುನಾವಣೆಯ ನಂತರ ಆಯಾ ಪಕ್ಷದ ಸಂಸದರೇ ಅದು ತಮಗೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಕನ್ಸರ್ವೇಟಿವ್‌ನವರು 2021ರಲ್ಲಿ ಬೇಕು ಅಂದರು, ಮರುವರ್ಷವೇ ತಮ್ಮ ನಾಯಕ ಎರಿನ್ ಒ'ಟೂಲ್ ಅವರನ್ನು ಇಳಿಸಿದರು. ಲಿಬರಲ್‌ನವರು ಬೇಡ ಅಂದಿದ್ದರು. ಆಮೇಲೆ ಕೈ ಹಿಸುಕಿಕೊಳ್ಳುವುದಷ್ಟೇ ಉಳಿಯಿತು.

2024ರ ಜೂನ್‌ನಲ್ಲಿ ಟೊರೊಂಟೊ ಸೇಂಟ್ ಪಾಲ್ಸ್ ಉಪಚುನಾವಣೆಯಲ್ಲಿ ಲಿಬರಲ್ ಸೋತಿತು. ಮೂವತ್ತು ವರ್ಷದಿಂದ ಕೈಯಲ್ಲಿದ್ದ ಕ್ಷೇತ್ರ. (ಅಲ್ಲಿ ನಿಂತಿದ್ದವರು 84 ಜನ. ಚುನಾವಣಾ ಪದ್ಧತಿ ಬದಲಿಸದ್ದಕ್ಕೆ ಪ್ರತಿಭಟನೆಯಾಗಿ ಒಂದು ಗುಂಪು ಬೇಕೆಂದೇ ಅಷ್ಟು ಅಭ್ಯರ್ಥಿಗಳನ್ನು ನಿಲ್ಲಿಸಿತ್ತು. 2017ರಲ್ಲಿ ಕೈಬಿಟ್ಟ ಮಾತು ಹೀಗೂ ಕಾಡುತ್ತದೆ.) ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನ ಒಂದು ಭದ್ರಕೋಟೆಯೂ ಹೋಯಿತು. ಅಕ್ಟೋಬರ್‌ನಲ್ಲಿ 24 ಲಿಬರಲ್ ಸಂಸದರು ಬಿಟ್ಟುಕೊಡಿ ಎಂದು ಪತ್ರಕ್ಕೆ ಸಹಿ ಹಾಕಿದರು. ಟ್ರೂಡೊ ಜಗ್ಗಲಿಲ್ಲ.

ಕೊನೆಗೆ ಹೊಡೆತ ಒಳಗಿನಿಂದಲೇ ಬಂತು. ನವೆಂಬರ್ 25ರಂದು ಡೊನಾಲ್ಡ್ ಟ್ರಂಪ್, ಕೆನಡಾದ ಸರಕಿಗೆಲ್ಲ 25% ಸುಂಕ ಹಾಕುತ್ತೇನೆ ಎಂದು ಬೆದರಿಸಿದರು. ಅದೇ ಹೊತ್ತಿಗೆ ಸರ್ಕಾರ ಜಿಎಸ್‌ಟಿ ರಜೆ, ಜನರಿಗೆ 250 ಡಾಲರ್ ಚೆಕ್ಕು ಅಂತ ಓಡಾಡುತ್ತಿತ್ತು. ಡಿಸೆಂಬರ್ 16ರಂದು, ಆರ್ಥಿಕ ವರದಿ ಮಂಡಿಸಬೇಕಿದ್ದ ದಿನವೇ, ಹಣಕಾಸು ಸಚಿವೆ ಕ್ರಿಸ್ಟಿಯಾ ಫ್ರೀಲ್ಯಾಂಡ್ ರಾಜೀನಾಮೆ ಕೊಟ್ಟರು. ಸುಂಕದ ಯುದ್ಧ ಬಾಗಿಲಿಗೆ ಬಂದಿರುವಾಗ ದುಬಾರಿ ಗಿಮಿಕ್ಕುಗಳು ಬೇಡ ಎಂಬುದು ಅವರ ಪತ್ರದ ಸಾರ. ಅಂದೇ ಹೊರಬಿದ್ದ ಲೆಕ್ಕದಲ್ಲಿ 2023-24ರ ಕೊರತೆ 6,190 ಕೋಟಿ ಡಾಲರ್. ದಾಟುವುದಿಲ್ಲ ಅಂದಿದ್ದ ಗೆರೆ 4,010 ಕೋಟಿ. ಮೂರು ವಾರದಲ್ಲಿ ಟ್ರೂಡೊ ಹೊರಟರು. ಹೋಗುವಾಗ, ಚುನಾವಣಾ ಪದ್ಧತಿ ಬದಲಿಸಲಾಗಲಿಲ್ಲ ಎಂಬ ಕೊರಗಿದೆ ಅಂದರು.

ಸಿಟ್ಟು ಎಲ್ಲಿಗೆ ಹೋಯಿತು

ಆಗ ಸಮೀಕ್ಷೆಗಳಲ್ಲಿ ಕನ್ಸರ್ವೇಟಿವ್ ಪಕ್ಷ 20 ಅಂಕಕ್ಕೂ ಹೆಚ್ಚು ಮುಂದಿತ್ತು. ಹಳೆಯ ನೆನಪಿದ್ದವರಿಗೆ 1993 ಕಣ್ಣ ಮುಂದೆ ಬಂದಿರಬೇಕು. ಆಗಲೂ ಮಲ್ರೋನಿ ತಂದ ಜಿಎಸ್‌ಟಿ ಮೇಲೆ ಜನಕ್ಕೆ ಕೆಂಡದಂಥ ಕೋಪ. ಅವರು ಬಿಟ್ಟುಹೋಗಿ ಕಿಮ್ ಕ್ಯಾಂಪ್‌ಬೆಲ್ ಪ್ರಧಾನಿಯಾದರು. ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ಸಿಕ್ಕಿದ್ದು ಎರಡೇ ಎರಡು ಸೀಟು.

ಈ ಸಲ ಹಾಗಾಗಲಿಲ್ಲ. ಬಂದವರು ಮಾರ್ಕ್ ಕಾರ್ನಿ. ಬ್ಯಾಂಕ್ ಆಫ್ ಕೆನಡಾ, ಬ್ಯಾಂಕ್ ಆಫ್ ಇಂಗ್ಲೆಂಡ್ ಎರಡಕ್ಕೂ ಗವರ್ನರ್ ಆಗಿದ್ದವರು, ಅದುವರೆಗೆ ಒಂದು ಚುನಾವಣೆಗೂ ನಿಲ್ಲದವರು. ಮಾರ್ಚ್ 14ಕ್ಕೆ ಪ್ರಮಾಣವಚನ. ಅದೇ ದಿನ ಜನರ ಮೇಲಿನ ಕಾರ್ಬನ್ ತೆರಿಗೆಯನ್ನು ಸೊನ್ನೆ ಮಾಡುವ ಕಾಗದಕ್ಕೆ ಸಹಿ. ಪೊಯಿಲಿಯೆವ್ರ್ ಎರಡು ವರ್ಷ ಕೂಗಿದ ಘೋಷಣೆ ಒಂದು ಸಹಿಗೆ ಹಳಸಿಹೋಯಿತು. ಬೈಯಲು ಟ್ರೂಡೊ ಇಲ್ಲ, ಕಡಿಯಲು ತೆರಿಗೆ ಇಲ್ಲ. ಅತ್ತ ಟ್ರಂಪ್ ದಿನಾ ಕೆನಡಾವನ್ನು ಅಮೆರಿಕದ 51ನೇ ರಾಜ್ಯ ಎಂದು ಕೆಣಕುತ್ತಿದ್ದರು. ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ತೆಗೆದವು. ಚುನಾವಣೆಯ ಪ್ರಶ್ನೆಯೇ ಬದಲಾಯಿತು.

ಇಲ್ಲಿ ನಮ್ಮ ಊರಿನವರೊಬ್ಬರು ಬರುತ್ತಾರೆ. ಸಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ, 2015ರಿಂದ 2025ರವರೆಗೆ ಒಟ್ಟಾವಾದ ನೇಪಿಯನ್ ಕ್ಷೇತ್ರದ ಲಿಬರಲ್ ಸಂಸದರಾಗಿದ್ದವರು. 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಟ್ರೂಡೊ ಹೊರಟಾಗ ಅವರು ನಾಯಕತ್ವಕ್ಕೆ ನಿಲ್ಲುತ್ತೇನೆ ಅಂದರು. ಪಕ್ಷ ಒಪ್ಪಲಿಲ್ಲ. ಆಮೇಲೆ ನೇಪಿಯನ್ ಟಿಕೆಟನ್ನೂ ಹಿಂತೆಗೆದುಕೊಂಡಿತು. ಅಲ್ಲಿ ನಿಂತು ಗೆದ್ದವರು ಕಾರ್ನಿ.

ಏಪ್ರಿಲ್ 28ರ ಫಲಿತಾಂಶದಲ್ಲಿ ಲಿಬರಲ್ 169, ಕನ್ಸರ್ವೇಟಿವ್ 144. ಪೊಯಿಲಿಯೆವ್ರ್ 2004ರಿಂದ ಗೆಲ್ಲುತ್ತಿದ್ದ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು. ನಿಜವಾಗಿ ಪೆಟ್ಟು ತಿಂದದ್ದು ಎನ್‌ಡಿಪಿ. 25 ಸೀಟಿನಿಂದ 7ಕ್ಕೆ ಇಳಿಯಿತು, ಜಗ್ಮೀತ್ ಸಿಂಗ್ ಸೋತರು. ಟ್ರಂಪ್ ಭಯಕ್ಕೆ ಎಡಪಂಥದ ಮತಗಳು ಕಾರ್ನಿ ಕಡೆ ಹರಿದವು.

ಆದರೆ ಸಿಟ್ಟು ಆವಿಯಾಯಿತು ಅಂದುಕೊಂಡರೆ ತಪ್ಪು. ಕನ್ಸರ್ವೇಟಿವ್ ಪಕ್ಷಕ್ಕೆ 41.3% ಮತ ಬಂತು. 1988ರ ನಂತರ ಆ ಬಣಕ್ಕೆ ಅಷ್ಟು ಪಾಲು ಬಂದದ್ದೇ ಇಲ್ಲ. ಮುಖದ ಮೇಲಿನ ಸಿಟ್ಟು ಮುಖದ ಜೊತೆ ಹೋಯಿತು, ಖರ್ಚಿನ ಮೇಲಿನದು ಇದ್ದಲ್ಲೇ ಇದೆ. ಮನೆ ಕೊಳ್ಳಲಾಗದ ಕಿರಿಯರಲ್ಲಿ ಅನೇಕರು ಬದಲಾವಣೆಗೆ ಮತ ಹಾಕಿದರು, ಮನೆ ಇರುವ ಹಿರಿಯರು ಟ್ರಂಪ್ ಎದುರು ನಿಲ್ಲುವವರಿಗೆ ಹಾಕಿದರು. ಆಲ್ಬರ್ಟಾದಲ್ಲಿ ಚುನಾವಣೆ ಮುಗಿದ ಬೆನ್ನಲ್ಲೇ ಪ್ರಾಂತ್ಯ ಸರ್ಕಾರ ಜನಮತಗಣನೆಗೆ ಬೇಕಾದ ಸಹಿಗಳ ಸಂಖ್ಯೆಯನ್ನು ಇಳಿಸಿತು, ಪ್ರತ್ಯೇಕ ದೇಶ ಬೇಕೆನ್ನುವವರು ಸಹಿ ಸಂಗ್ರಹದ ಮಾತು ಶುರು ಮಾಡಿದರು. 2025ರ ನವೆಂಬರ್ 27ರಂದು ಕಾರ್ನಿ ಕ್ಯಾಲ್ಗರಿಗೆ ಹೋಗಿ ಆಲ್ಬರ್ಟಾದ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಗೆ ಹೊಸ ಎಣ್ಣೆ ಪೈಪ್‌ಲೈನ್‌ಗೆ ದಾರಿ, ಎಣ್ಣೆ ಉದ್ಯಮದ ಹೊರಸೂಸುವಿಕೆಗೆ ಹಾಕಲು ಹೊರಟಿದ್ದ ಮಿತಿಗೆ ವಿದಾಯ. ಟ್ರೂಡೊ ಕಾಲದಲ್ಲಿ ಪರಿಸರ ಸಚಿವರಾಗಿದ್ದ ಸ್ಟೀವನ್ ಗಿಲ್ಬೋ ಅದೇ ದಿನ ಸಂಪುಟ ಬಿಟ್ಟರು.